ಹೊಂಗೆಮರದ ಗೇಟಿನಲ್ಲಿ ಸೊನ್ನೆ ಪ್ರಯಾಣಿಕರು

ಯಾವ ಬಸ್ಸು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಮಾನ್ಯರೇ,

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸುಗಳು ಹೊಂಗೆಮರದ ಗೇಟಿನಲ್ಲಿ ಇನ್ನು ನಿಲ್ಲಕೂಡದೆಂದು ತಾವು ಆದೇಶ ಹೊರಡಿಸಿ ಇವತ್ತಿಗೆ ಇಪ್ಪತ್ತಮೂರು ದಿನ. ಕಾರಣವನ್ನು ಒಂದೇ ಸಾಲಿನಲ್ಲಿ ಕೊಟ್ಟಿದ್ದೀರಿ: 'ಹತ್ತುವ ಪ್ರಯಾಣಿಕರು, ಸೊನ್ನೆ.' ಅಲ್ಲಾ ಸ್ವಾಮಿ, ದಿನಾ ಬೆಳಿಗ್ಗೆ ನಲವತ್ತು ಜನ ನೂಕಾಡಿಕೊಂಡು ಹತ್ತುವ ಜಾಗದಲ್ಲಿ ಸೊನ್ನೆಯನ್ನು ಕಂಡ ತಮ್ಮ ಕನ್ನಡಕ ಯಾವ ಅಂಗಡಿಯದು?

ಗೇಟಿನಿಂದ ಒಳಗಿರುವ ಏಳು ಹಳ್ಳಿಗಳಿಗೆ ಇರುವುದು ಒಂದೇ ಚಿಕ್ಕ ಬಸ್ಸು. ಅದು ಏಳನ್ನೂ ಸುತ್ತಿ ಗೇಟಿಗೆ ಬಂದು, ಜನರನ್ನು ಇಳಿಸಿ, ಹಿಂದಿರುಗುತ್ತದೆ. ಅಲ್ಲಿಂದ ಮುಂದಕ್ಕೆ ದೊಡ್ಡ ರಸ್ತೆಯ ಬಸ್ಸೇ ಗತಿ. ತಮ್ಮ ಆದೇಶ ದೊಡ್ಡ ರಸ್ತೆಯ ಬಸ್ಸಿಗೆ ಮಾತ್ರ. ಚಿಕ್ಕ ಬಸ್ಸಿನ ಕಡತ ಪಕ್ಕದ ಮೇಜಿನದಂತೆ. ಹಾಗಾಗಿ ಆ ಬಸ್ಸು ಈಗಲೂ ಎಂಟು ಗಂಟೆಗೆ ತಪ್ಪದೆ ಬಂದು, ಯಾವ ಬಸ್ಸೂ ನಿಲ್ಲದ ಜಾಗದಲ್ಲಿ ಜನರನ್ನು ಇಳಿಸಿ ಹೋಗುತ್ತಿದೆ. ಇಂಥ ಸೇವೆ ಭೂಮಿಯ ಮೇಲೆ ಇನ್ನೆಲ್ಲಾದರೂ ಉಂಟೇ?

ಹೀಗೆ ಇಳಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಕೋಮಲ ಒಬ್ಬಳು. ನರಸೀಪುರದ ಕಾಲೇಜಿನಲ್ಲಿ ಗಣಿತ ಓದುತ್ತಿದ್ದಾಳೆ, ಪದವಿಯ ಕೊನೆಯ ವರ್ಷ. ಮುಂದಿನ ನಿಲ್ದಾಣಕ್ಕೆ ಐದು ಮೈಲಿ ನಡೆದು ಒಂದು ವಾರ ಹೋದಳು. ತಲುಪುವಷ್ಟರಲ್ಲಿ ಮೊದಲೆರಡು ತರಗತಿ ಮುಗಿದಿರುತ್ತಿದ್ದವು. ಈಗ ಮನೆಯಲ್ಲಿದ್ದಾಳೆ. ಅವಳ ತಾಯಿ ಮುದ್ದಮ್ಮ ಕೂಲಿಗೆ ಹೋಗುವಾಕೆ. ನನ್ನನ್ನು ದಾರಿಯಲ್ಲೇ ತಡೆದು ಕೇಳಿದರು: "ಕೈ ಅಡ್ಡ ಆಕುದ್ರೂ ನಿಲ್ಸಾಕಿಲ್ಲ ಕಣ್ ಸಾ, ಕಣ್ಮುಂದೆನೇ ಬುರ್ ಅಂತ ಓಯ್ತದೆ. ಆಜರಿ ಕಮ್ಮಿ ಆದ್ರೆ ಪರೀಕ್ಸೆಗೆ ಕೂರ್ಸಲ್ವಂತೆ. ಮೂರು ವರ್ಸ ಓದ್ಸಿದ್ದು ನೀರ್ಗೋಯ್ತದಲ್ಲ, ಯಾರ್ನ್ ಕೇಳನ?"

ಮನೆಯಲ್ಲಿ ಕೂತ ಕೋಮಲ ಸುಮ್ಮನಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಊರಿಗೊಂದು ಚುಕ್ಕಿ, ಬಸ್ಸಿಗೊಂದು ಗೆರೆ ಎಳೆದುಕೊಂಡು ಬಂದಳು. ಗಣಿತದಲ್ಲಿ ಇದನ್ನು ಗ್ರಾಫ್ ಥಿಯರಿ ಎನ್ನುತ್ತಾರೆ. ತಾವು ಒಂದು ಜಾಗದ ಯೋಗ್ಯತೆಯನ್ನು ಅಲ್ಲಿನ ಜನಜಂಗುಳಿಯಿಂದ ಅಳೆಯುತ್ತೀರಿ. ಈ ಗಣಿತ ಕೇಳುವುದು ಬೇರೆಯದನ್ನೇ: ಈ ಚುಕ್ಕಿಯನ್ನು ಅಳಿಸಿದರೆ ಉಳಿದ ಚುಕ್ಕಿಗಳು ಒಂದನ್ನೊಂದು ತಲುಪುತ್ತವೆಯೇ? ಕೋಮಲ ಗೆರೆಯ ತುದಿಯಲ್ಲಿದ್ದ ಮುಡುಕುತೊರೆಯನ್ನು ಬೆರಳಿನಿಂದ ಮುಚ್ಚಿದಳು. ಜಾತ್ರೆಗೆ ಸಾವಿರಾರು ಜನ ಸೇರುವ ಜಾಗ, ಆದರೂ ಉಳಿದ ಊರುಗಳ ನಂಟು ಹರಿಯಲಿಲ್ಲ. ಆಮೇಲೆ ಹೊಂಗೆಮರದ ಗೇಟನ್ನು ಮುಚ್ಚಿದಳು. "ನೋಡಿ ಸಾ, ಏಳು ಊರು ಒಂದೇ ಏಟ್ಗೆ ಉದ್ರೋದೊ." ನಾಲ್ಕು ಮನೆ, ಒಂದು ಮರ ಇರುವ ಆ ಜಾಗವೇ ಇಡೀ ಜಾಲದ ಕೀಲು.

ಆ ಚಿತ್ರ ಹಿಡಿದು ತಮ್ಮ ಕಚೇರಿಗೆ ಬಂದೆ. ತಮ್ಮ ದರ್ಶನವಾಗಲಿಲ್ಲ. ಮೇಜಿನ ಮುಂದಿದ್ದವರು ನಕ್ಕರು: "ಸೊನ್ನೆ ಅಂದ್ರೆ ಸೊನ್ನೆ ಕಣ್ರೀ. ಗಣಿತದ ಮೇಷ್ಟ್ರಾಗಿ ನೀವೇ ಒಪ್ಪಲ್ಲ ಅಂದ್ರೆ ಹೆಂಗೆ?"

ಆ ಸೊನ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಅಲ್ಲಿ ಹೇಳಲಿಲ್ಲ, ಈಗ ಹೇಳುತ್ತೇನೆ. ೧೯೯೪ರಲ್ಲಿ, ಒಂದು ನಿಮಿಷ ನಿಲ್ಲುವ ಬಸ್ಸಿನಲ್ಲಿ ನಲವತ್ತು ಜನಕ್ಕೆ ಟಿಕೆಟ್ ಹರಿಯಲಾಗದೆ ದಿನಾ ಜಗಳವಾಗುತ್ತಿತ್ತು. ಚಿಕ್ಕ ಬಸ್ಸಿನಲ್ಲೇ ನರಸೀಪುರದವರೆಗೆ ಟಿಕೆಟ್ ಕೊಟ್ಟುಬಿಡಿ, ದೊಡ್ಡ ಬಸ್ಸಿನವರು ಅದನ್ನೇ ನೋಡಿ ಹತ್ತಿಸಿಕೊಳ್ಳಲಿ ಎಂದು ಉಪಾಯ ಹೇಳಿದವನು ನಾನೇ. ಆಗಿನ ಡಿಪೋದವರು ಬಾಯಿಮಾತಿನಲ್ಲೇ ಒಪ್ಪಿದರು. ಚಿಕ್ಕ ಬಸ್ಸಿನ ಕಂಡಕ್ಟರ್ ಶಿವಮಲ್ಲಪ್ಪ ಅಂದಿನಿಂದ ಈ ಒಂಬತ್ತು ವರ್ಷವೂ ಹಾಗೇ ನಡೆಸಿಕೊಂಡು ಬಂದಿದ್ದಾರೆ. ಜಗಳ ನಿಂತಿತು. ದೊಡ್ಡ ಬಸ್ಸಿನ ಟಿಕೆಟ್ ಲೆಕ್ಕದ ಪಟ್ಟಿಯಿಂದ ನಮ್ಮ ಗೇಟೂ ಮಾಯವಾಯಿತು. ಮೊದಲ ಬಸ್ಸಿನಲ್ಲೇ ಟಿಕೆಟ್ ಪಡೆದವರು ಎರಡನೆಯದರಲ್ಲಿ ಲೆಕ್ಕಕ್ಕೆ ಸಿಗುವುದು ಹೇಗೆ? ಪಕ್ಕದ ಮೇಜಿನ ಕಡತವನ್ನು ಒಮ್ಮೆ ಎಳೆದು ನೋಡಿದ್ದರೆ ನಲವತ್ತೂ ಜನ ಅಲ್ಲೇ ಸಿಗುತ್ತಿದ್ದರು. ಕೈ ಚಾಚುವಷ್ಟು ದೂರವನ್ನೂ ತಾವು ದಾಟಲಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಸೋಮವಾರ ಬೆಳಿಗ್ಗೆಯಿಂದ ಬಸ್ಸು ಗೇಟಿನಲ್ಲಿ ನಿಲ್ಲಬೇಕು. ಸಭೆ, ಸಮೀಕ್ಷೆ, ಪರಿಶೀಲನೆ ಎಲ್ಲವೂ ಆಮೇಲಾಗಲಿ. ಇನ್ನು ಮೂರು ದಿನ ತಪ್ಪಿದರೆ ಕೋಮಲಳಿಗೆ ಪರೀಕ್ಷೆಯಿಲ್ಲ. ಶಿವಮಲ್ಲಪ್ಪನವರಿಗೆ ಮೆಮೊ ಕೊಡುವ ಉತ್ಸಾಹ ಬಂದರೆ ಅದನ್ನು ನನ್ನ ಹೆಸರಿಗೆ ಕಳಿಸಿ.

ಚಿತ್ರ ತೋರಿಸಿದ ದಿನ ಆ ಹುಡುಗಿ, "ಇಷ್ಟೊಂದ್ ಜನ ಅತ್ತೋ ಜಾಗದಲ್ಲಿ ಸೊನ್ನೆ ಎಂಗ್ ಬಂತು ಸಾ?" ಎಂದು ಕೇಳಿದ್ದಳು. ಗೊತ್ತಿಲ್ಲ ಕಣಮ್ಮ ಎಂದುಬಿಟ್ಟೆ. ಮೂವತ್ತು ವರ್ಷದ ಪಾಠದಲ್ಲಿ ಮಕ್ಕಳಿಗೆ ಬೇಕೆಂದೇ ತಪ್ಪು ಉತ್ತರ ಕೊಟ್ಟದ್ದು ಅದೊಂದೇ ಸಲ. ಈ ಪತ್ರವನ್ನು ಅವಳೂ ಓದುತ್ತಾಳೆ.

ಇಂತಿ,
ತಮ್ಮನ್ನು ಬೈಯಲು ಅರ್ಧ ಹಕ್ಕು ಮಾತ್ರ ಉಳಿದಿರುವ
ಅಮೃತೇಶ್, ಗಣಿತದ ಮೇಷ್ಟ್ರು