ಮಾಮ ಬೈಯುವುದನ್ನು ಬಿಟ್ಟ ಮೇಲೆ

ನವೆಂಬರ್ 3, ಸೋಮವಾರ. ಬೆಳಿಗ್ಗೆ

ಸಕಲರಿಗೂ ತಿಳಿಯಪಡಿಸುವುದೇನೆಂದರೆ — ಪುಣೆ ಹತ್ತಿರದ ನಿಗಡಿಯ ಭುಜಂಗ ಮಾಮನ ಹೋಟೆಲಿನ ನಾಲ್ಕನೇ ಟೇಬಲ್ ಇಂದಿನಿಂದ ಅಲುಗಾಡುವುದಿಲ್ಲ. ಗಿರಾಕಿಗಳ ಪ್ಯಾಂಟಿನ ಮೇಲೆ ವರ್ಷಗಟ್ಟಲೆ ಸಾಂಬಾರಿನ ನಕ್ಷೆ ಬರೆದ ಟೇಬಲ್ ಅದು. ಬಿಸ್ಕಿಟ್ ಡಬ್ಬದ ರಟ್ಟನ್ನು ಮಡಿಸಿ ಅದರ ಎಡಗಾಲಿನ ಅಡಿಗೆ ತುರುಕಿದವಳು ನಾನೇ. ಉದ್ಘಾಟನೆಗೆ ಗಣ್ಯರು ಯಾರೂ ಬರಲಿಲ್ಲ. ಒಂದು ಲೋಟ ಕಾಫಿ ಕುಡಿದು ನಾನೇ ನೆರವೇರಿಸಿಕೊಂಡೆ.

ಕಾರಣ — ಎಂಬಿಎ. ಈ ಸೆಮಿಸ್ಟರಿನಲ್ಲಿ ಆರ್ಗನೈಸೇಶನಲ್ ಬಿಹೇವಿಯರ್ ಅಂತ ಒಂದು ವಿಷಯ. ನಾಲ್ಕು ಜನ ಸೇರಿ ಕೆಲಸ ಮಾಡುವಾಗ ಯಾಕೆ ಹಾಗೆಲ್ಲ ಆಡುತ್ತಾರೆ ಎಂಬುದರ ಶಾಸ್ತ್ರ. ಶಿವಾಜಿನಗರದ ಕಾಲೇಜಿನಲ್ಲಿ ಅದನ್ನು ಕಲಿಸುವ ಪ್ರಲ್ಹಾದ ಸರ್ ಹೇಳಿದ್ದು ಇಷ್ಟೇ: ಒಂದು ಸಂಸ್ಥೆ ಹಿಡಿಯಿರಿ, ಎರಡು ವಾರ ಸುಮ್ಮನೆ ಕೂತು ನೋಡಿ, ರಿಪೋರ್ಟ್ ಕೊಡಿ. ಸಹಪಾಠಿಗಳು ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳ ಗೇಟಿನಲ್ಲಿ ಅನುಮತಿಗಾಗಿ ನಿಂತಿದ್ದಾರೆ. ನನಗೆ ಆ ಕಷ್ಟವಿಲ್ಲ. ಮಾಮ ಅಮ್ಮನ ಅಣ್ಣ. ಓದಲು ಬಂದ ನಾನು ಇರುವುದೇ ಅವರ ಮನೆಯಲ್ಲಿ. ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ಕೂತು ನೋಡುವುದು, ಆಮೇಲೆ ಆಕುರ್ಡಿಯಿಂದ ಲೋಕಲ್ ರೈಲು ಹಿಡಿದು ಕಾಲೇಜು. ಗೇಟ್ ಪಾಸ್ ಬೇಡ. ಕಾಫಿ ಬಿಟ್ಟಿ.

ನವೆಂಬರ್ 5, ಬುಧವಾರ

ಇಂದಿನ ವೀಕ್ಷಣೆ: ಬೈಗುಳ.

ಶಟರ್ ಎತ್ತಿದಾಗ ಶುರುವಾದರೆ ಮಾಮನದು ನಿಲ್ಲುವುದಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಚಿಲ್ಲರೆ ಕೊಡುತ್ತ, ಗಿರಾಕಿಗಳಿಗೆ ಮರಾಠಿಯಲ್ಲಿ ನಮಸ್ಕಾರ ಹೇಳುತ್ತ, ನಡುನಡುವೆ ಕನ್ನಡದಲ್ಲಿ ಬೈಗುಳ. ಹೆಚ್ಚಿನದು ದೋಸೆಯ ತವಾದ ಮುಂದೆ ನಿಂತ ಸುಖೇಶನ ಬೆನ್ನಿಗೆ.

“ಏ ಸುಖೇಶಾ, ಆ ಮೂಲೆಯವರು ನಿನ್ನ ಮದುವೆಗೆ ಬಂದದ್ದಾ? ದೋಸೆ ಯಾವಾಗ ಮಾರಾಯ, ತಾಂಬೂಲದ ಹೊತ್ತಿಗಾ?”

ಸುಖೇಶ ತಿರುಗಿ ನೋಡುವುದಿಲ್ಲ. ಬೇಜಾರೂ ಕಾಣುವುದಿಲ್ಲ. ಮೂಲೆಯವರ ದೋಸೆ ಮಾತ್ರ ತವಾದ ಮೇಲೆ ಬಿದ್ದಿರುತ್ತದೆ. ಏನಿದು? ಕುತೂಹಲ ತಡೆಯಲಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಪಠ್ಯಪುಸ್ತಕ ತೆರೆದು ಮಾಮನಿಗೇ ಓದಿ ಹೇಳಿದೆ — ಇಂಥ ಮುಖ್ಯಸ್ಥರಿಗೆ ಶಾಸ್ತ್ರದಲ್ಲಿ ಸರ್ವಾಧಿಕಾರಿ ನಾಯಕ ಎನ್ನುತ್ತಾರೆ, ಸಿಬ್ಬಂದಿಯ ಮನೋಬಲ ಕುಗ್ಗುತ್ತದೆ, ಇತ್ಯಾದಿ. ಪಂಕಜಾಕ್ಷಿ ಅತ್ತೆ ನಕ್ಕು ನಕ್ಕು ಅನ್ನದ ಚಮಚ ಕೆಳಗಿಟ್ಟರು. ಮಾಮ ನಗಲಿಲ್ಲ.

“ಇದನ್ನು ನಿಮ್ಮ ಸರ್ ಓದ್ತಾರಾ?”

ಓದುತ್ತಾರೆ ಎಂದೆ.

“ಹೆಸರು ಹಾಕ್ತೀಯಾ?”

ಹೋಟೆಲಿನದು, ಮಾಲೀಕರದು, ಎರಡೂ — ಎಂದೆ, ದೊಡ್ಡ ಗೌರವ ದಯಪಾಲಿಸಿದವಳ ಹಾಗೆ. ಮಾಮ ಮೊಸರು ಹಾಕಿಕೊಳ್ಳದೆ ಎದ್ದರು.

ನವೆಂಬರ್ 6, ಗುರುವಾರ

ಭೂಕಂಪ. ಮಾಮ ಗಲ್ಲಾದಿಂದ ಮೆಲ್ಲಗೆ — “ಸುಖೇಶ್, ದಯವಿಟ್ಟು ಒಂದು ಮಸಾಲೆ ದೋಸೆ ಆಗಬಹುದಾ?”

ಯಾರೋ ಹೊಸಬರು ಬಂದರೆಂದು ಸುಖೇಶ ಹಿಂತಿರುಗಿ ನೋಡಿದ.

ಆಮೇಲೆ ಎಲ್ಲರಿಗೂ ದಯವಿಟ್ಟು. ಎಲ್ಲರಿಗೂ ಥ್ಯಾಂಕ್ಸ್. ಹೋಟೆಲು ಅಲ್ಲೋಲಕಲ್ಲೋಲ. ಯಾವ ಟೇಬಲಿನವರು ಕಾದಿದ್ದಾರೆ, ಎಲ್ಲಿ ನೀರು ಮುಗಿದಿದೆ, ಚಟ್ನಿ ತಳ ಕಂಡಿತೇ — ಇಷ್ಟು ವರ್ಷ ಈ ಸುದ್ದಿಯೆಲ್ಲ ಒಳಗೆ ಹೋಗುತ್ತಿದ್ದದ್ದು ಬೈಗುಳದ ಬೆನ್ನೇರಿ. ಬೈಗುಳ ನಿಂತಿತು, ಸುದ್ದಿಯೂ ನಿಂತಿತು. ಮೂಲೆಯವರು ಕಾದು ಕಾದು ಎದುರಿನ ಗಾಡಿಗೆ ವಡಾಪಾವ್ ತಿನ್ನಲು ಹೋದರು. ದಿನಾ ಬರುವ ಗಿರಾಕಿಯೊಬ್ಬರು ಹಣ ಕೊಡುವಾಗ ಮಾಮನ ಮುಖ ನೋಡಿ, “ಅಣ್ಣಾ, ತಬ್ಯೇತ ಬರೀ ಆಹೇ ನಾ?” ಎಂದು ಆರೋಗ್ಯ ವಿಚಾರಿಸಿದರು. ಮಾಮ ಮುಗುಳ್ನಕ್ಕರು. ಅದನ್ನು ನೋಡಿ ಆ ಮನುಷ್ಯ ಇನ್ನಷ್ಟು ಗಾಬರಿಯಾದ.

ವೀಕ್ಷಣೆಯ ಪುಸ್ತಕದಲ್ಲಿ ಬರೆದುಕೊಂಡೆ: ವರ್ತನೆಯಲ್ಲಿ ಬದಲಾವಣೆ. ಕೆಳಗೆ ಗೆರೆ ಎಳೆದೆ. ಖುಷಿಯಾಯಿತು, ಸುಳ್ಳೇಕೆ.

ನವೆಂಬರ್ 10, ಸೋಮವಾರ

ಖುಷಿ ವಾಪಸ್.

ಇವತ್ತು ಕಾಫಿ ತಂದದ್ದು ಸುಖೇಶ. ತವಾ ಬಿಟ್ಟು ಬರುವವನಲ್ಲ. ಲೋಟ ಇಟ್ಟ, ಹೋಗಲಿಲ್ಲ.

“ಯಶ್ಮಿತಕ್ಕ, ಧನಿಗಳು ಹೋಟೆಲು ಮಾರಿದ್ರಾ?”

ನಕ್ಕುಬಿಟ್ಟೆ. ಅವನು ನಗಲಿಲ್ಲ. ಹಿಂದೆ ಕೆಲಸಕ್ಕಿದ್ದ ಹೋಟೆಲಿನ ಧನಿಯೂ ಹೀಗೇ ಒಂದು ವಾರ ಸಕ್ಕರೆಯಾಗಿದ್ದರಂತೆ. ಎಲ್ಲರ ಮನೆಕಡೆ ಸಮಾಚಾರ ಕೇಳಿದರಂತೆ. ಮರುವಾರ ಬಂದರೆ ಶಟರಿಗೆ ಬೀಗ. ಇಲ್ಲಿ ನಾನು ಪುಸ್ತಕ ಹಿಡಿದು ಕೂತಿರುವುದು ಕೊಳ್ಳುವವರ ಪರವಾಗಿ ಟೇಬಲು ಕುರ್ಚಿಯ ಪಟ್ಟಿ ಮಾಡಲು ಎಂದು ಒಳಗಡೆ ತೀರ್ಮಾನವಾಗಿದೆಯಂತೆ. ಮೇಲಿಂದ ಇನ್ನೊಂದು. ಡಿಸೆಂಬರಿನಲ್ಲಿ ತಂಗಿಯ ಮದುವೆಗೆ ರಜೆ ಕೇಳಿದ್ದಾನೆ. ಮಾಮ, ಅಷ್ಟು ಮೆತ್ತಗೆ, “ನೋಡೋಣ ಸುಖೇಶ್” ಎಂದಿದ್ದಾರೆ.

“ನೋಡೋಣ ಅಂತ ಹೇಳುವುದು ದೇಣಿಗೆ ಕೇಳ್ಲಿಕ್ಕೆ ಬಂದವರಿಗಲ್ವಾ ಅಕ್ಕ? ನಮಗಾ?”

ಚಿಂಚವಾಡದ ಒಂದು ಹೋಟೆಲಿನಿಂದ ಕರೆ ಬಂದಿದೆ. ಭಾನುವಾರದೊಳಗೆ ಹೇಳಬೇಕು. ಹೋಗುವಾಗ ಮೆಲ್ಲನೆ ಅಂದ — “ಬೈಸಿಕೊಳ್ಳುವ ಆಸೆ ಯಾರಿಗೂ ಇಲ್ಲಕ್ಕ. ಇರುವುದಾ ಹೋಗುವುದಾ, ಅದು ಗೊತ್ತಾಗಬೇಕು.”

ಅತ್ತೆಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ತೆಂಗಿನಕಾಯಿ ಹಾಗೇ ಹಿಡಿದು ನಿಂತರು. ಜನ ಬರುವುದು ಸುಖೇಶನ ದೋಸೆಗೆ, ನಿನ್ನ ಮಾಮನ ಮುಖ ನೋಡಲಿಕ್ಕಲ್ಲ. ಅವನು ಹೋದರೆ ನಿಜವಾಗಿಯೂ ಮಾರುವುದೇ, ಎಂದರು.

ಎರಡು ವಾರದ ಅಧ್ಯಯನ. ಒಂದೇ ವಾರಕ್ಕೆ ಸಂಸ್ಥೆ ಅಲುಗಿತು. ಟೇಬಲ್ ಮಾತ್ರ ಗಟ್ಟಿ.

ನವೆಂಬರ್ 12, ಬುಧವಾರ. ಕಾಲೇಜು

ಪ್ರಲ್ಹಾದ ಸರ್ ವಿಜಯಪುರ ಕಡೆಯವರು. ಕ್ಲಾಸಿನಲ್ಲಿ ಇಂಗ್ಲಿಷು, ಕಾರಿಡಾರಿನಲ್ಲಿ ನನ್ನ ಜೊತೆ ಕನ್ನಡ. ಎಲ್ಲ ಕೇಳಿ ಕಣ್ಣರಳಿಸಿದರು. ಅವರಿಗೆ ಭಾರಿ ಸಂತೋಷ. ಶಾಸ್ತ್ರಜ್ಞರೇ ಹೀಗೆ.

“ನೀ ನೋಡ್ಲಿಕ್ಕೆ ಕುಂತೀ ಅಂತನ ಹಿಂಗ ಆಗೇದ ನೋಡವಾ. ಈಗ ಏನೂ ಹೇಳಬ್ಯಾಡ, ಸುಮ್ನ ಕೂಡು. ನಡುವ ಕೈ ಹಾಕಿದಿ ಅಂದ್ರ ಅದು ಅಭ್ಯಾಸ ಅಲ್ಲ, ಸಂಸಾರ ಆಗ್ತದ. ಮಾರ್ಕ್ಸ್ ಹೋಗ್ತಾವ.”

ಅಭ್ಯಾಸ ಎಂದರೆ ಅವರ ಕಡೆಯಲ್ಲಿ ಅಧ್ಯಯನ. ಆ ಹೋಟೆಲಿನಲ್ಲಿ ಚಟ್ನಿ ಹೇಗಿರುತ್ತದೆ ಎಂದೂ ವಿಚಾರಿಸಿದರು.

ಲೋಕಲಿನಲ್ಲಿ ನಿಂತು ಯೋಚಿಸಿದೆ. ಅಭ್ಯಾಸವೋ, ಸಂಸಾರವೋ. ಆಕುರ್ಡಿ ಬರುವ ಮೊದಲೇ ಸಂಸಾರ ಗೆದ್ದಿತು.

ನವೆಂಬರ್ 14, ಶುಕ್ರವಾರ

ಮಾಮನಿಗೆ ಎಲ್ಲ ಹೇಳಿದ್ದೆ. ಬಿಳಿಚಿಕೊಂಡರು. ನೆಟ್ಟಗೆ ಸುಖೇಶನ ಹತ್ತಿರ ಹೋಗಿ, ಹೋಟೆಲು ಮಾರಿಲ್ಲ, ಚಿಂತಿಸಬೇಡ ಎಂದರಂತೆ. ಎಷ್ಟು ನಯವಾಗಿ ಎಂದರೆ, ಅವನಿಗಿದ್ದ ಸಣ್ಣ ಸಂಶಯವೂ ಹೋಗಿ ಮಾರಿದ್ದಾರೆಂದು ಖಾತ್ರಿಯಾಯಿತು.

ಇನ್ನು ಉಳಿದದ್ದು ಒಂದೇ ದಾರಿ — ಬೈಯುವುದು. ಬರಲಿಲ್ಲ. ಗಂಟಲು ಸರಿಮಾಡಿಕೊಂಡು ಇವತ್ತು ಹೇಳಿದ್ದು: “ಸುಖೇಶ್, ನೀನು ಸ್ವಲ್ಪ ನಿಧಾನವೇನೋ ಅಂತ ನನಗೆ ಅನಿಸುತ್ತದೆ.” ಸಹಕಾರಿ ಸಂಘದ ವಾರ್ಷಿಕ ಸಭೆಯ ಹಾಗೆ. ಮನೆಯಲ್ಲಿ ಅತ್ತೆಯ ಮೇಲೆ ತಾಲೀಮು ನಡೆಸಿದರು. ಅತ್ತೆ ಒಂದೊಂದಕ್ಕೂ ಎರಡೆರಡು ವಾಪಸ್ ಕೊಟ್ಟು ತಾಲೀಮು ಮುಗಿಸಿದರು.

“ಅದು ಒಳಗಿನಿಂದ ಬರ್ಬೇಕು ಮಾರಾಯ್ತಿ,” ಎಂದರು ಮಾಮ ಸೋತು. “ನೀನು ಪೆನ್ನು ಹಿಡಿದು ಎದುರು ಕೂತರೆ ಬರುವುದು ಭಾಷಣ.”

ಪೆನ್ನು ಮುಚ್ಚಿಟ್ಟೆ. ತಲೆಯೊಳಗೆ ಬರೆಯುತ್ತಿದ್ದೀಯ, ಕಾಣುತ್ತದೆ, ಎಂದರು.

ನವೆಂಬರ್ 16, ಭಾನುವಾರ. ಮಧ್ಯಾಹ್ನ

ಕೈ ಇನ್ನೂ ಕಾಫಿ ವಾಸನೆ.

ಬೆಳಿಗ್ಗೆ ಹೋಟೆಲು ತುಂಬಿತ್ತು. ಸುಖೇಶ ಇಸ್ತ್ರಿ ಮಾಡಿದ ಅಂಗಿ ಹಾಕಿ, ಬ್ಯಾಗು ಹಿಡಿದು ಗಲ್ಲಾದ ಎದುರು ನಿಂತ. ಇವತ್ತೇ ಚಿಂಚವಾಡಕ್ಕೆ ಹೋಗುತ್ತೇನೆ ಎಂದ. ಮಾಮ ಎದ್ದರು. ಬಾಯಿ ತೆರೆದರು. ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಉಸಿರು ಹಿಡಿದೆ... ಮಾಮ ಕೈ ಜೋಡಿಸಿದರು.

“ಒಳ್ಳೆಯದಾಗಲಿ.”

ನಾನು ಬಗ್ಗಿದೆ. ನಾನು ಕೂತಿದ್ದ ನಾಲ್ಕನೇ ಟೇಬಲಿನ ಎಡಗಾಲಿನ ಅಡಿಯ ರಟ್ಟನ್ನು ಎಳೆದೆ. ಎದ್ದು ಮೊಣಕೈ ಊರಿದೆ. ಲೋಟ ಮಗುಚಿತು — ಎರಡು ವಾರದ ಪುಸ್ತಕದ ಮೇಲೆ ಹರಿದು, ಅಲ್ಲಿಂದ ಪಕ್ಕದ ಅಜ್ಜನ ಬಿಳಿ ಪೈಜಾಮದ ಮೇಲೆ.

“ಏ ಯಶ್ಮಿತಾ! ಎಂಬಿಎ ಓದಿದ್ರೆ ಕಾಫಿ ಕುಡೀಲಿಕ್ಕೆ ಮರ್ತುಹೋಗ್ತದಾ? ಬಟ್ಟೆ ತಾ. ಅಜ್ಜನಿಗೆ ನೀರು ಕೊಡು ಮೊದಲು. ಏ ಸುಖೇಶಾ, ನೀನೆಂತ ನೋಡ್ತಾ ನಿಂತದ್ದು, ಇಲ್ಲಿ ಯಕ್ಷಗಾನ ಉಂಟಾ? ತವಾ ಹೊಗೆ ಬಿಡ್ತಾ ಉಂಟು ಅಲ್ಲಿ! ಆರನೇ ಟೇಬಲಿಗೆ ಸೆಟ್ ದೋಸೆ, ಆಗಿಂದ ಕೂತಿದ್ದಾರೆ ಪಾಪ. ತಂಗಿ ಮದುವೆಗೆ ಹೋಗುವವನು ಇಲ್ಲಿಗೊಬ್ಬ ಜನ ಮಾಡಿಟ್ಟು ಹೋಗು. ಬರುವುದು ಒಂದು ದಿನ ತಡ ಆದ್ರೆ ಉಂಟು ನಿನಗೆ!”

ಮಾಮ ತಮ್ಮ ದನಿ ಕೇಳಿ ತಾವೇ ಬೆಚ್ಚಿ ಕೂತರು. ಸುಖೇಶ ನಿಂತೇ ಇದ್ದ. ರಜೆ ಮಂಜೂರಾಗಿತ್ತು. ವಾಪಸ್ ಬರುವುದೂ ನಿಗದಿಯಾಗಿತ್ತು. ಬ್ಯಾಗನ್ನು ಗಲ್ಲಾದ ಅಡಿಗೆ ತಳ್ಳಿ, ಇಸ್ತ್ರಿಯ ತೋಳು ಮಡಚುತ್ತ ಒಳಗೆ ಹೋದ. ತವಾಕ್ಕೆ ನೀರು ಚಿಮುಕಿಸಿದ ಸದ್ದು ಬಂತು. ಆಮೇಲೆ ಬೆನ್ನು ಹಾಕಿಕೊಂಡೇ ಕೂಗಿದ, “ಮದುವೆಗೆ ಧನಿಗಳೂ ಬರ್ಬೇಕು.”

“ನಾನು ಬಂದ್ರೆ ಇಲ್ಲಿ ಗಲ್ಲಾದಲ್ಲಿ ಕೂರುವುದು ನಿನ್ನ ಅಜ್ಜನಾ?”

ಇದರ ಅರ್ಥ ಬರುತ್ತೇವೆ ಎಂದು. ಅತ್ತೆ ಆಗಲೇ ಸೀರೆ ನೋಡುತ್ತಿದ್ದಾರೆ.

ನವೆಂಬರ್ 17, ಸೋಮವಾರ. ಬೆಳಿಗ್ಗೆ

ವೀಕ್ಷಣೆಯ ಪುಸ್ತಕ ಫ್ಯಾನಿನ ಕೆಳಗೆ ಒಣಗಿ ಹಪ್ಪಳವಾಗಿದೆ. ಓದಲು ಬರುವುದು ಒಂದೇ ಸಾಲು, ಗೆರೆ ಎಳೆದದ್ದು. ನಾಳೆ ರಿಪೋರ್ಟ್. ಸರ್‌ಗೆ ಏನು ಹೇಳುವುದು? ಮಾಮನಿಗೆ ಬಾಯಿ ಬಂದದ್ದು ನಾನು ನೋಡುವುದನ್ನು ಬಿಟ್ಟದ್ದಕ್ಕೋ, ಅಥವಾ ಬೈಸಿಕೊಳ್ಳುವವರ ಸಾಲಿಗೆ ನಾನೂ ಸೇರಿದ್ದಕ್ಕೋ? ಗೊತ್ತಿಲ್ಲ. ಪಠ್ಯಪುಸ್ತಕದ ಕೊನೆಯ ಪದಸೂಚಿ ಪೂರ್ತಿ ಹುಡುಕಿದೆ. ಬೈಗುಳ ಇಲ್ಲ.

ಮಾಮ ಗಲ್ಲಾದಿಂದ ಕೂಗುತ್ತಿದ್ದಾರೆ. ಸಾಂಬಾರು ಯಾಕೆ ಬಂದಿಲ್ಲ, ಯಶ್ಮಿತಾ ಯಾಕೆ ಟೇಬಲು ಬಿಟ್ಟು ಎದ್ದಿಲ್ಲ, ಲೋಕಲ್ ನಿನಗಾಗಿ ಕಾಯುತ್ತದಾ, ನಾಲ್ಕನೇ ಟೇಬಲ್ ಮತ್ತೆ ಯಾಕೆ ಅಲುಗುತ್ತಿದೆ, ರಟ್ಟು ಯಾರು ತೆಗೆದದ್ದು... ರಟ್ಟು ನನ್ನ ಬ್ಯಾಗಿನಲ್ಲಿದೆ.

ಈ ದಿನಚರಿ ಯಾರ ಕೈಗಾದರೂ ಸಿಕ್ಕಿದ್ದರೆ — ಓದಿದ್ದು ತಪ್ಪು, ಓದಿಯಾಯಿತು, ಇರಲಿ — ಒಂದು ಸಣ್ಣ ಉಪಕಾರ. ನಿಗಡಿ ಕಡೆ ಬಂದರೆ ನಾಲ್ಕನೇ ಟೇಬಲಿನಲ್ಲೇ ಕೂರಿ. ಲೋಟ ಕೈಯಲ್ಲೇ ಹಿಡಿದುಕೊಳ್ಳಿ. ಅಲುಗುತ್ತದೆ ಅಂತ ಕಾಲಿನ ಅಡಿಗೆ ಏನನ್ನೂ —