ನಿನ್ನ ಪ್ರಬಂಧದ ಒಂದು ಸಾಲು

ಬಶೀರಾಬಾದ್ ಬದಿಯ ನಮ್ಮೂರಿನಿಂದ
೧೧ ಇಸ್ಫಂದಾರ್ ೧೩೫೨ ಫಸಲಿ (ಇಂಗ್ರೇಜಿ ಜನವರಿ ೧೯೪೩)

ಚಿರಂಜೀವಿ ವೈಜಿನಾಥನಿಗೆ ನಿನ್ನ ಕಾಕಾ ಕಾಶಪ್ಪನ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಹೈದರಾಬಾದಿನಲ್ಲಿ ನಿನಗೆ ಅನ್ನ ಹಾಕುತ್ತಿರುವ ನಿನ್ನಕ್ಕ ಪಾರ್ವತಿಬಾಯಿಯ ಸೊಂಟನೋವು ಕಡಿಮೆಯಾಯಿತೇ? ಅಳಿಯ ವೀರಪ್ಪನವರ ಕೆಮ್ಮು? ಕೂಸು ಕೌಶಲ್ಯಾಗೆ ಹಲ್ಲು ಬಂದವೆಂದು ಬರೆದೆ, ಮೊದಲು ಯಾರನ್ನು ಕಚ್ಚಿದಳೆಂದು ಬರೆಯಲಿಲ್ಲ. ಇಲ್ಲಿ ನಿನ್ನವ್ವ ರುಕ್ಮಿಣಿಬಾಯಿ ಆರಾಮಾಗಿದ್ದಾಳೆ.

ನಿನ್ನ ಮೂರು ಕಾಗದಗಳಿಗೆ ನಾನು ಉತ್ತರ ಬರೆಯಲಿಲ್ಲ. ತಪ್ಪು ನನ್ನದೇ. ತೊಗರಿ ರಾಶಿಯ ಗದ್ದಲ ಎಂದು ನಿನ್ನವ್ವನ ಮುಂದೆ ಹೇಳಿ ನೋಡಿದೆ. "ಕಾಶಪ್ಪ, ರಾಶಿ ಮುಗದು ಹದಿನೈದು ದಿನ ಆತು. ನೀ ಯಾವ ತೊಗರಿ ಬಡ್ಯಾಕತ್ತಿ?" ಎಂದಳು.

ನೀನು ಕಾಲೇಜಿನಲ್ಲಿ ಸಿಯಾಸಿಯಾತ್ ತೆಗೆದುಕೊಂಡಾಗ ಅದು ಯಾವ ರೋಗದ ಹೆಸರು ಎಂದು ಕೇಳಿದವಳು ಇವಳೇ. ರಾಜ್ಯ ಹೇಗೆ ನಡೆಯುತ್ತದೆಂದು ತಿಳಿಸುವ ಶಾಸ್ತ್ರ ಎಂದು ನಾನೇ ಬಿಡಿಸಿ ಹೇಳಿದ್ದೆ. ನೀನು ವಾರಕ್ಕೊಂದು ಪಾಠ ಬರೆದು ಕಳಿಸುತ್ತಿದ್ದೆ. ನಾನೂ ನಿನ್ನ ಪಕ್ಕದಲ್ಲಿ ಕೂತು ಕಲಿತಂತೆ ಇತ್ತು. ಮೊದಲ ಆರು ತಿಂಗಳು ನೀನು ಹಿಂದಿನ ಬೆಂಚಿನಲ್ಲಿ ತುಟಿ ಬಿಚ್ಚದೆ ಕೂತದ್ದು, ನಿನ್ನ ಉರ್ದುವಿನಲ್ಲಿ ಜೋಳದ ರೊಟ್ಟಿಯ ವಾಸನೆ ಬರುತ್ತದೆಂದು ಶಹರದ ಹುಡುಗರು ನಕ್ಕದ್ದು, ಎಲ್ಲ ನನಗೆ ಗೊತ್ತು.

ರಾಜ್ಯಕ್ಕೆ ನಾಲ್ಕು ಕಾಲು, ನೆಲ, ಜನ, ಸರಕಾರ, ಪರಮಾಧಿಕಾರ ಎಂದು ಬರೆದಿದ್ದೆಯಲ್ಲ, ಅದನ್ನು ಚಾವಡಿಯ ಕಲ್ಲಿನ ಮೇಲೆ ಇದ್ದಿಲಿನಿಂದ ಬರೆದುಕೊಂಡು ಒಂದು ಮಧ್ಯಾಹ್ನ ಕೂತಿದ್ದೆ. ಒಂದು ಕಾಲು ಮುರಿದರೆ ಏನಾದೀತು ಎಂದು ಕೇಳಬೇಕಿತ್ತು. ಕೇಳಲು ಯಾರಿದ್ದಾರೆ? ನಿನ್ನ ಕಾಕಿ ಹೋದ ಮೇಲೆ ನನ್ನ ಜೊತೆ ವಾದ ಮಾಡುವವರು ಈ ಊರಲ್ಲಿ ಉಳಿದಿಲ್ಲ. ಮರುದಿನ ನೋಡಿದರೆ 'ಜನ' ಎಂಬಲ್ಲಿ ಯಾರೋ ಬೀಡಿ ಆರಿಸಿ ಹೋಗಿದ್ದರು.

ಇರಲಿ, ನಿನ್ನ ಪ್ರಬಂಧದ ಮಾತಿಗೆ ಬರುತ್ತೇನೆ. ಪುಸ್ತಕ ಪಕ್ಕಕ್ಕಿಟ್ಟು ನಿಮ್ಮೂರಿನ ಆಡಳಿತ ನೀವು ಕಂಡಂತೆ ಬರೆಯಿರಿ ಎಂದು ನಿಮ್ಮ ಮಾಸ್ತರರು ಹೇಳಿದರು, ನೀನು ಬರೆದೆ, ನಕ್ಕ ಹುಡುಗರು ಬಾಯಿ ಮುಚ್ಚಿ ಕೇಳಿದರು, ಬರುವ ತಿಂಗಳು ಕಾಲೇಜಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನೀನು ಕಳಿಸಿದ ಪ್ರತಿಯನ್ನು ನಾಲ್ಕು ಸಲ ಓದಿದೆ. ಸರಕಾರದ ಹುಕುಂ ಉರ್ದುವಿನಲ್ಲಿ ಬರುವುದು, ಡಂಗುರ ಹೊಡೆದ ಮೇಲೆ ಜನ ಚಾವಡಿಯ ಮುಂದೆ ಕೂರುವುದು, ಒಬ್ಬ ಹಿರಿಯರು ಅದನ್ನು ಕನ್ನಡ ಮಾಡಿ ಓದುವುದು, ಎಲ್ಲ ಕಣ್ಣಿಗೆ ಕಟ್ಟುವಂತಿದೆ. ಆಮೇಲೆ ಆ ಸಾಲು ಬರುತ್ತದೆ: "ಬಿಟ್ಟಿ ದುಡಿಸಿಕೊಳ್ಳಬಾರದೆಂಬ ಹುಕುಂ ನಮ್ಮೂರಿಗೂ ಬಂದಿತ್ತು. ಆದರೆ ಓದುವ ಹಿರಿಯರಿಗೆ ಗಟ್ಟಿ ಉರ್ದು ತಿಳಿಯದ ಕಾರಣ ಅದು ಜನರನ್ನು ಮುಟ್ಟಲಿಲ್ಲ."

"ನಿಮ್ಮ ಉರ್ದು ಕಡಿಮಿ ಅಂದಿದ್ದಕ್ಕ ಸಿಟ್ಟೇನ್ರಿ ಕಾಕಾ?" ಎಂದು ಮೂರೂ ಕಾಗದಗಳಲ್ಲಿ ಕೇಳಿದ್ದೀ. ಸಿಟ್ಟಿಲ್ಲಪ್ಪ. ಶಾಲೆಯ ಮೆಟ್ಟಿಲು ಹತ್ತದವನು ನಾನು. ತಾಂಡೂರಿನ ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಹಳೆಯ ಉರ್ದು ಅಖಬಾರುಗಳ ಜಿಗುಟು ತೊಳೆದು, ಒಣಗಿಸಿ, ಅಕ್ಷರ ಕೂಡಿಸಿಕೊಂಡು ಕಲಿತವನು. ದಸರಾ ರಜೆಯಲ್ಲಿ ಆ ಹುಕುಮಿನ ಬಗ್ಗೆ ನೀನು ಕೇಳಿದಾಗ "ಬಂದಿರಬೇಕು. ಅಂಥ ಉರ್ದು ನನಗೆಲ್ಲಿ ತಿಳೀತದ" ಎಂದು ನಾನೇ ಹೇಳಿದ್ದೆ. ನೀನು ನನ್ನ ಮಾತು ನಂಬಿ ಬರೆದೆ.

ಮೊನ್ನೆ ಪೋಚಪ್ಪ ಬಂದಿದ್ದ. ಪಟೇಲ ಶಂಕ್ರೆಪ್ಪನವರ ಮನೆಯ ತೊಗರಿ ಚೀಲಗಳನ್ನು ಸ್ಟೇಷನ್ನಿಗೆ ಹೊತ್ತು ಹಾಕಿ, ಎಂದಿನಂತೆ ಬರಿಗೈಯಲ್ಲಿ ಮರಳುವ ದಾರಿ. ಕಟ್ಟೆಯ ಕೆಳಗೆ ಕೂತು ನೀರು ಕೇಳಿದ.

"ಸಣ್ಣ ಧಣೇರು ಏನು ಓದಾಕತ್ಯಾರ್ರಿ?"

"ರಾಜ್ಯ ಹೆಂಗ ನಡೀತದ ಅಂತ ಓದತಾನ."

"ಅದಕ ಅಷ್ಟು ದೂರ ಹೋಗಬೇಕೇನ್ರಿ? ನನ್ನ ತಲೀ ಮ್ಯಾಲಿನ ಸಿಂಬಿ ನೋಡಿದ್ರ ತಿಳೀತದಲ್ರಿ." ನಕ್ಕ. "ಅವರ ಪೆಟ್ಟಿಗಿ ಹೊತ್ತೀನ್ರಿ ನಾ. ಬುಕ್ಕು ಭಾಳ ವಜ್ಜಿ ಇರತಾವ."

ನಾನೂ ನಗಲು ನೋಡಿದೆ, ಆಗಲಿಲ್ಲ. ಅವನು ಹೋದ ಮೇಲೆ ದೀಪ ಹಚ್ಚುವವರೆಗೆ ಅಲ್ಲೇ ಕೂತಿದ್ದೆ. ನಾಲ್ಕು ಮಂದಿಗೆ ಓದಿ ಹೇಳುವವನು ಎಂದು ಊರು ನನಗೆ ಜಾಗ ಬಿಟ್ಟು ಕೂರುತ್ತದೆ. ಆ ಜಾಗದಲ್ಲಿ ಈಗ ಒಬ್ಬನೇ ಕೂತಂತಾಗುತ್ತದೆ.

ಪರೀಕ್ಷೆ ಚೆನ್ನಾಗಿ ಬರೆ. ಹಿಂದಿನ ಬೆಂಚಿಗೆ ಮತ್ತೆ ಹೋಗಬೇಡ. ಶಿವ ನಿನಗೆ ಆಯುಷ್ಯ, ವಿದ್ಯೆ ಎರಡೂ ಕೊಡಲಿ. ಅಕ್ಕನಿಗೆ, ಅಳಿಯಂದಿರಿಗೆ ನನ್ನ ನೆನಪು ಹೇಳು. ಕೂಸಿಗೆ ಮುತ್ತು.

ಇತಿ ನಿನ್ನ ಕಾಕಾ,
ಕಾಶಪ್ಪ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಆ ಸಾಲು ತಪ್ಪು, ವೈಜಿನಾಥ. ಆ ಹುಕುಂ ನನಗೆ ಒಂದು ಅಕ್ಷರ ಬಿಡದೆ ತಿಳಿದಿತ್ತು. ಎಂಟು ವರ್ಷದ ಹಿಂದೆ, ಡಂಗುರ ಹೊಡೆಯುವ ಮುಂಚೆ, ಅದನ್ನು ಪಟೇಲರಿಗೆ ಓದಿ ಹೇಳಿದೆ. "ಇದನ್ನ ಮಡಚಿ ಇಡು ಕಾಶಪ್ಪ. ನಿಮ್ಮ ಹುಡುಗನ ಸ್ಕೂಲಿಗೆ ಕಾಗದ ಬೇಕಂದಿದ್ದಿಯಲ್ಲ, ತಾ, ಬರದು ಕೊಡತೀನಿ" ಎಂದರು. ನಿನ್ನಪ್ಪ ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ನಾನು ಮಡಚಿದೆ. ಅವರ ಶಿಫಾರಸಿನಿಂದ ನಿನಗೆ ಹೈದರಾಬಾದಿನ ಸ್ಕೂಲು, ಬೋರ್ಡಿಂಗು ಸಿಕ್ಕವು. ಆ ಸಲವೂ ನಿನ್ನ ಪೆಟ್ಟಿಗೆಯನ್ನು ತಾಂಡೂರು ಸ್ಟೇಷನ್ನಿಗೆ ಹೊತ್ತವನು ಪೋಚಪ್ಪ. ಅಂಥ ಹುಕುಂ ಬಂದದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹುಕುಂ ನನ್ನ ಸಂದೂಕಿನಲ್ಲಿದೆ. ಬರುವ ಅಮಾವಾಸ್ಯೆಗೆ ಜನ ಕೂಡಿದಾಗ ಓದುತ್ತೇನೆ. ನೀನು ಬಂದರೂ ಸರಿ, ಬರದಿದ್ದರೂ ಸರಿ. ಅಚ್ಚಾಗುವ ಮೊದಲು ಆ ಸಾಲು ತೆಗೆದು, ನಡೆದದ್ದನ್ನು ನನ್ನ ಹೆಸರು ಹಾಕಿಯೇ ಬರೆ. ಆಮೇಲೆ ನನಗೂ ಎರಡು ಸಾಲು ಬರೆ. ಕಾಕಾ ಎಂದು ಬರೆಯಲು ಕೈ ಬಾರದಿದ್ದರೆ ಬರೀ ಕಾಶಪ್ಪ ಎಂದು ಬರೆ. ಆದರೆ ಬೇಗ ಬರೆ.