ಕೋಸಿನ ಕೂಲಿಯ ಲೆಕ್ಕ

ಬೇರಿಕೆ
೧೯-೮-೨೦೨೫, ಮಂಗಳವಾರ

ನನ್ನ ಮೊಮ್ಮಗ ಕೆಂಪರಾಜುಗೆ,

ನಿನ್ನ ಅಜ್ಜಿ ಭದ್ರಮ್ಮನ ಆಶೀರ್ವಾದ. ಹುಷಾರಾಗಿದ್ದೀಯಾ ಮಗಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಅವಲಪಲ್ಲಿಯ ಆ ರೂಮಿನಲ್ಲಿ ನೀರು ಸರಿಯಾಗಿ ಬರುತ್ತದೋ ಇಲ್ಲವೋ. ಮೆಷಿನ್ ಮುಂದೆ ನಿಂತೂ ನಿಂತೂ ನಿನ್ನ ಕಾಲು ಊದುತ್ತಿತ್ತಲ್ಲ, ಅದು ಹೇಗಿದೆ? ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರು, ಸೋಮಾರಿತನ ಮಾಡಬೇಡ. ನನಗೇನು ಧಾಡಿ, ನಾಲಿಗೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸವೆದಿದೆ. ನಿಮ್ಮಮ್ಮ ನಾಗವೇಣಿ ನನಗೆ ಮುದ್ದೆ ಇಕ್ಕುತ್ತಾಳೆ, ಮಾತಾಡುವುದಿಲ್ಲ. ನಿಮ್ಮಪ್ಪ ಮುನಿರತ್ನ ಟೊಮೇಟೊ ತೋಟದಿಂದ ಬಂದವನು ನನ್ನನ್ನು ಹೊಸ್ತಿಲು ದಾಟಿದ ಹಾಗೆ ದಾಟಿಕೊಂಡು ಒಳಗೆ ಹೋಗುತ್ತಾನೆ. ಅವರನ್ನು ಬೈಯುವ ಬಾಯಿ ಈಗ ನನಗಿಲ್ಲ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದೆ ಇದ್ದದ್ದೇ ಒಳ್ಳೆಯದಾಯಿತು. ಎತ್ತಿದ್ದರೆ ನಾನು ಮೊದಲು ಬೈದು ಆಮೇಲೆ ವಿಷಯಕ್ಕೆ ಬರುತ್ತಿದ್ದೆ. ಕಾಗದದಲ್ಲಾದರೆ ಕೆಟ್ಟದಾಗಿ ಬಂದದ್ದನ್ನು ಹೊಡೆದು ಹಾಕಬಹುದು, ನೋಡು, ಮೇಲೆ ಎಷ್ಟು ಕಡೆ ಹೊಡೆದಿದ್ದೇನೆ. ನನ್ನದು ಮೂರನೇ ಕ್ಲಾಸಿನ ಕನ್ನಡ, ನೀನು ಓದಿದ್ದು ತಮಿಳಿನಲ್ಲಿ. ಇಬ್ಬರೂ ನಿಧಾನವಾಗಿ ಹೋಗೋಣ. ಪಕ್ಕದ ಮನೆಯ ಮುನಿಕೃಷ್ಣ ನಿಮ್ಮ ಕಂಪನಿಗೇ ಹೋಗುವವನಲ್ಲವೇ, ಇದನ್ನು ಅವನ ಕೈಯಲ್ಲಿ ಕಳಿಸುತ್ತೇನೆ.

ಆ ದಿನದ ವಿಷಯಕ್ಕೆ ಬರುತ್ತೇನೆ. ತಿಮ್ಮರಾಯಪ್ಪನವರು ತಮ್ಮ ಮಗಳು ನಂದಿತಾಳನ್ನು ನಿನಗೆ ಕೊಡಲು ಮನೆ ನೋಡುವುದಕ್ಕೆ ಬರುವ ಮೊದಲೇ, ಹುಡುಗನಿಗೆ ತಿಂಗಳಿಗೆ ಮೂವತ್ತು ಸಾವಿರಕ್ಕೆ ಹತ್ತಿರ ಬರುತ್ತದೆ ಎಂದು ಹೇಳಿ ಕಳಿಸಿದವಳು ನಾನೇ. ಬೇಕೆಂದು ಸುಳ್ಳು ಹೇಳಲಿಲ್ಲ ಕಣಪ್ಪಾ. ಗಂಟೆಗೆ ಇಷ್ಟು, ಓವರ್‌ಟೈಮಿಗೆ ಅದರ ಎರಡರಷ್ಟು ಎಂದು ನೀನೇ ಒಂದು ಸಲ ಹೇಳಿದ್ದೆ. ನಾನು ಅದನ್ನೆಲ್ಲ ಕೂಡಿಕೊಂಡು ಕೂತೆ. ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕೋಸು ಕೊಯ್ದವಳು ನಾನು. ಸಂಜೆ ಬದುವಿನ ಮೇಲೆ ನಿಂತರೆ ಕೂಲಿ ಪೂರ್ತಿ ಕೈಗೆ ಬೀಳುತ್ತಿತ್ತು, ಸೆರಗಿನಲ್ಲಿ ಗಂಟು ಹಾಕಿಕೊಂಡು ಬರುತ್ತಿದ್ದೆ. ಹೊತ್ತು ಮೀರಿ ಕೊಯ್ದ ದಿನ ಮೇಲೆ ಎರಡು ಕೋಸನ್ನೂ ಕೊಡುತ್ತಿದ್ದರು. ಹೆಚ್ಚು ದುಡಿದದ್ದರಲ್ಲಿ ಕೈಗೆ ಬರುವ ಮೊದಲೇ ಹಿಡಿದುಕೊಳ್ಳುವವರಿದ್ದಾರೆ ಎಂದು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು. ನಾನು ಯಾವತ್ತು ಯಾರನ್ನು ಕೇಳಿದ್ದೇನೆ?

ತಿಮ್ಮರಾಯಪ್ಪನವರು ಕಾಫಿ ಲೋಟ ಕೆಳಗಿಟ್ಟು, ಕೈಗೆ ಎಷ್ಟು ಬರುತ್ತದೆ ಎಂದು ನಿನ್ನನ್ನೇ ಕೇಳಿದರು. "ಇಪ್ಪತ್ನಾಲ್ಕು ಬತ್ತದೆ" ಎಂದೆ ನೀನು. ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಮಾತು ಸುಳ್ಳಾಗಬಾರದೆಂದು ನಾನು ನಿನ್ನನ್ನೇ ಹಿಡಿದು ಕೆಳಕ್ಕೆ ಹಾಕಿದೆ. "ಮಿಕ್ಕಿದ್ದನ್ನ ಯಾವ ಬ್ರಾಂದಿ ಅಂಗಡಿಗೆ ಸುರಿದ್ಬುಟ್ಟೆ, ಹೇಳ್ಲಾ" ಎಂದೆ. ಬೀಡಿ ಕೂಡ ಮುಟ್ಟದ ಹುಡುಗನಿಗೆ. ನೀನು ಚಪ್ಪಲಿ ಮೆಟ್ಟಿಕೊಂಡು, ಗಾಡಿ ತೆಗೆದುಕೊಂಡು ಹೊರಟುಹೋದೆ. ಅವರೂ ಎಲೆ ಅಡಿಕೆ ಮುಟ್ಟದೆ ಎದ್ದರು.

ಆಮೇಲೆ ಊರಲ್ಲಿ ನಿನ್ನನ್ನು ಕುಡುಕ ಎನ್ನುತ್ತಿದ್ದಾರೆ ಎಂದು ಕಿವಿಗೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಹೋದ ವಾರ ನೆಟ್ಟಗೆ ತಿಮ್ಮರಾಯಪ್ಪನವರ ಮನೆಗೆ ಹೋದೆ. ತಪ್ಪೊಪ್ಪಿಕೊಳ್ಳುವುದಕ್ಕೆ ಹೋದೆ ಎಂದು ತಿಳಿಯಬೇಡ, ಜಗಳಕ್ಕೆ ಹೋದೆ. ಬಾಗಿಲಲ್ಲೇ ನಿಂತು, ನನ್ನ ಮೊಮ್ಮಗನಿಗೆ ಕೆಟ್ಟ ಹೆಸರು ತರುವವರು ಯಾರು, ಹೊರಗೆ ಬನ್ನಿ ಎಂದು ಕೂಗಿದೆ. ಬಂದವಳು ನಂದಿತಾ. ಕೆಲಸದಿಂದ ಆಗ ತಾನೆ ಬಂದಿದ್ದಳು, ಕೊರಳಲ್ಲಿ ಕಂಪನಿ ಕಾರ್ಡು ಇನ್ನೂ ನೇತಾಡುತ್ತಿತ್ತು. "ನಾವ್ಯಾರೂ ಅಂದಿಲ್ಲ ಅಜ್ಜಿ. ಅಂದೋರು ನೀವೇ" ಎಂದಳು. ಅಷ್ಟು ಮೆತ್ತಗೆ ಯಾರೂ ನನಗೆ ಹೊಡೆದಿರಲಿಲ್ಲ.

ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟು ಅವಳೇ ಬಿಡಿಸಿ ಹೇಳಿದಳು. ಫೋನಿನ ಸಾಮಾನು ಮಾಡುವ ಕಂಪನಿಯಲ್ಲಿ ಅವಳೂ ಗಂಟೆ ಲೆಕ್ಕದ ಕೆಲಸದವಳಂತೆ. ಪಿ.ಎಫ್. ಹಿಡಿಯುತ್ತಾರೆ, ಅದು ಮುಂದಕ್ಕೆ ಸಿಗುತ್ತದೆ. ಆಸ್ಪತ್ರೆ ಖರ್ಚಿಗೆಂದು ಇ.ಎಸ್.ಐ.ಗೆ ಓವರ್‌ಟೈಮ್ ದುಡ್ಡಿನಲ್ಲೂ ಹಿಡಿಯುತ್ತಾರೆ. ಕಾಂಟ್ರಾಕ್ಟರು ಓವರ್‌ಟೈಮನ್ನು ಬೇರೆಯಾಗಿ ಕೊಟ್ಟು ಅದರ ಮೇಲೆ ತೆರಿಗೆ ಮುರಿದುಕೊಳ್ಳುತ್ತಾನೆ, ಪ್ಯಾನ್ ಕಾರ್ಡು ಆಧಾರ್ ಕಾರ್ಡಿಗೆ ಜೋಡಣೆಯಾಗದಿದ್ದರೆ ಐದು ರೂಪಾಯಿಗೆ ಒಂದು ರೂಪಾಯಿ ಹೋಯಿತು. ಇನ್ನು ಆರು ತಿಂಗಳಿಗೊಂದು ಸಲ ತೊಳಿಲ್ ವರಿ ಎಂದು ಕೆಲಸದ ಮೇಲಿನ ತೆರಿಗೆ, ಗಳಿಕೆ ಏರಿದಷ್ಟೂ ಅದೂ ಏರುತ್ತದೆ. ತೆರಿಗೆಯನ್ನು ವಾಪಸು ಕೇಳಬಹುದಂತೆ, ಆದರೆ ಅದಕ್ಕೆ ಹೊಸೂರಿನಲ್ಲಿ ಅಲೆಯಬೇಕು, ಅಲೆದ ದಿನ ಗಂಟೆಯ ದುಡ್ಡಿಲ್ಲ. "ನಿಮ್ಮ ಮೊಮ್ಮಗ ಇಪ್ಪತ್ನಾಲ್ಕು ಅಂದ್ರಲ್ಲ, ಅದೇ ಸರಿಯಾದ ಲೆಕ್ಕ. ಅವ್ರೂ ಮೂವತ್ತು ಅಂದಿದ್ರೆ ನಾನೇ ಬ್ಯಾಡ ಅಂತಿದ್ದೆ" ಎಂದಳು.

ಮಜ್ಜಿಗೆ ಲೋಟ ಹಾಗೇ ಕೆಳಗಿಟ್ಟೆ ಕಣ್ಲಾ. ನಿನ್ನ ಭಾನುವಾರಗಳನ್ನೆಲ್ಲ ಕಂಪನಿಗೆ ಕೊಟ್ಟರೂ ಅದರ ಪೂರ್ತಿ ಬೆಲೆ ನಿನ್ನ ಕೈಗೆ ಬರುತ್ತಿರಲಿಲ್ಲ. ಅದನ್ನು ಬಾಯಿ ಬಿಟ್ಟು ಹೇಳದೆ ನೀನು ಬಂದಷ್ಟನ್ನು ತಂದು ಕೊಡುತ್ತಿದ್ದೆ, ನಾನು ನೋಟು ಮುಟ್ಟಿ ನೋಡಿ ಇಷ್ಟೇನಾ ಎನ್ನುತ್ತಿದ್ದೆ. ಒಂದು ಸಲವಲ್ಲ, ಪ್ರತಿ ತಿಂಗಳೂ. ಈಗ ಒಲೆ ಮುಂದೆ ಕೂತರೂ ಆ ಮಾತೇ ಕೇಳಿಸುತ್ತದೆ, ನನ್ನ ದನಿಯಲ್ಲೇ. ಮನೆ ಬಿಟ್ಟು ಹೋಗಬೇಕಾಗಿದ್ದವಳು ನಾನು, ಹೋದವನು ನೀನು.

ಚಳಿಗೆ ಕಂಬಳಿ ಕಳಿಸಿದ್ದೇನೆ. ಮುನಿಕೃಷ್ಣ ಅದನ್ನು ಬಸ್ಸಿನಲ್ಲಿ ಹೊದ್ದುಕೊಂಡಿದ್ದರೆ ಕೊಡವಿ ತೆಗೆದುಕೋ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ಇಂತಿ,
ನಿನ್ನ ಅಜ್ಜಿ
ಭದ್ರಮ್ಮ

ಮುಖ್ಯವಾದದ್ದನ್ನೇ ಬಿಟ್ಟೆ, ಮುನಿಕೃಷ್ಣ ಬಾಗಿಲಲ್ಲಿ ನಿಂತು ಬಸ್ಸು ಬಂತು ಎನ್ನುತ್ತಿದ್ದಾನೆ. ಬರುವ ಭಾನುವಾರ ತಿಮ್ಮರಾಯಪ್ಪನವರು ಆ ದಿನ ಬಂದವರನ್ನೆಲ್ಲ ಕರೆದುಕೊಂಡು ಮತ್ತೆ ಬರುತ್ತಾರೆ. ಒಂದೇ ಮಾತಿನ ಮೇಲೆ ಒಪ್ಪಿದ್ದಾರೆ, ಕುಡಿತದ ಮಾತು ಆಡಿದವಳೇ ಅದು ಸುಳ್ಳು ಎಂದು ಎಲ್ಲರೆದುರು ಹೇಳಬೇಕು. ಹೇಳುತ್ತೇನೆ ಎಂದಿದ್ದೇನೆ. ಭಾನುವಾರದ ಓವರ್‌ಟೈಮ್ ನಿನಗೆ ತಪ್ಪಿಹೋಗುತ್ತದೆ, ಗೊತ್ತು. ಆದರೂ ಬಾ. ನನ್ನ ಹತ್ತಿರ ಮಾತಾಡಬೇಕಾಗಿಲ್ಲ, ನಿಮ್ಮಪ್ಪನ ಪಕ್ಕ ಕೂತರೆ ಸಾಕು. ನೀನು ಬರದಿದ್ದರೂ ನಾನು ಹೇಳುತ್ತೇನೆ, ಆದರೆ ನೀನಿಲ್ಲದ ಕಡೆ ಹೇಳಿದರೆ ಅದು ನನಗೆ ಸುಲಭವಾಗಿಬಿಡುತ್ತದೆ.